ಜೂಜಾಡುವವರ ಮನೆಯವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಒಬ್ಬರಿಗೆ ಜೂಜಿನ ಚಟ ಹತ್ತಿದರೆ, ಅದನ್ನು ಬಿಡಿಸುವುದು ಹೇಗೆ ಅಂತಲೇ ಎಲ್ಲರೂ ಮಾತಾಡುತ್ತಾರೆ. ಹೆಂಡತಿ ಊಟ ಮಾಡಿದಳಾ, ತಾಯಿ ರಾತ್ರಿ ನಿದ್ದೆ ಮಾಡಿದರಾ ಅಂತ ಕೇಳುವವರು ಕಡಿಮೆ. ಇವತ್ತು ನನ್ನ ಮಾತು ಅವರ ಜೊತೆ.

ಇಸ್ಪೀಟು, ಮಟ್ಕಾ ಅಂದರೆ ಹೇಗೋ ಊರಿಗೆ ಗೊತ್ತಾಗುತ್ತಿತ್ತು. ಮೊಬೈಲ್ ಬಂದ ಮೇಲೆ ಪಕ್ಕದಲ್ಲೇ ಮಲಗಿ, ಹೊದಿಕೆಯೊಳಗೆ ಆಡುತ್ತಾರೆ. ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲಿ ಸಂಸತ್ತು ಕಾನೂನು ಮಾಡಿದೆ. ಒಳ್ಳೆಯದೇ. ಆದರೆ ಅಷ್ಟಕ್ಕೇ ಚಟ ಹೋಗುವುದಿಲ್ಲ, ಹಳೇ ಸಾಲವೂ ತೀರುವುದಿಲ್ಲ.

"ಇದೊಂದು ಸಲ ತೀರಿಸಿಬಿಡು, ಮಕ್ಕಳಾಣೆ, ಇನ್ನು ಮುಟ್ಟಲ್ಲ" ಅಂತ ಅಳುತ್ತಾರೆ. ಆ ಹೊತ್ತಿಗೆ ಆ ಮಾತು ನಿಜವೇ ಇರಬಹುದು. ಆದರೆ ಹೋದ ದುಡ್ಡನ್ನು ಆಡಿಯೇ ವಾಪಸ್ ತರುತ್ತೇನೆ ಅನ್ನುವ ಹಟ ಈ ಕಾಯಿಲೆಯ ಲಕ್ಷಣ. ನೀವು ಬಳೆ ಅಡವಿಟ್ಟು ಸಾಲ ತೀರಿಸಿದರೆ, ಮತ್ತೆ ಸಾಲ ಹುಟ್ಟುವುದಕ್ಕೆ ದಾರಿ ಆಗುತ್ತೆ, ಅಷ್ಟೇ. ಕೊಡಲ್ಲ ಅಂದರೆ ಪ್ರೀತಿ ಇಲ್ಲ ಅಂತಲ್ಲ.

ನಿಮ್ಮ ಯುಪಿಐ ಪಿನ್, ಎಟಿಎಂ ಪಿನ್ ಇವತ್ತೇ ಬದಲಾಯಿಸಿ. ಒಡವೆ, ಮನೆ ಪತ್ರ ನಂಬಿಕಸ್ಥರ ಹತ್ತಿರವೋ ಲಾಕರಿನಲ್ಲೋ ಇರಲಿ. ಮುಖ್ಯವಾಗಿ, ಜಾಮೀನು ಸಹಿ ಹಾಕಬೇಡಿ. 1872ರ ಕರಾರು ಕಾಯ್ದೆ ಪ್ರಕಾರ, ಬೇರೆ ಮಾತಾಗಿರದಿದ್ದರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನು ನಿಂತವರಿಗೂ ಅಷ್ಟೇ. ಸಹಿಯೇ ಹಾಕಿಲ್ಲವಾದರೆ, ಗಂಡನ ಸಾಲ ಅಂದ ಮಾತ್ರಕ್ಕೆ ಹೆಂಡತಿ ತೀರಿಸಬೇಕು ಅಂತಿಲ್ಲ. ವಸೂಲಿಯವರು ಫೋನ್ ಮಾಡಿ ಗದರಿದರೆ ಇದನ್ನೇ ಹೇಳಿ.

ಇನ್ನು, ರಾತ್ರಿ ಎದ್ದು ಅವರ ಮೊಬೈಲ್ ತಡಕುವುದು. ಇದರಿಂದ ಆಟ ನಿಂತ ಮನೆ ನಾನು ಕಂಡಿಲ್ಲ; ಬಿಪಿ ಜಾಸ್ತಿಯಾದವರನ್ನು ಕಂಡಿದ್ದೇನೆ. ಮರ್ಯಾದೆ ಹೋಗುತ್ತೆ ಅಂತ ಎಲ್ಲ ನುಂಗಿಕೊಂಡು ಕೂರಬೇಡಿ. ಅಕ್ಕನೋ ಗೆಳತಿಯೋ, ಒಬ್ಬರಿಗಾದರೂ ಹೇಳಿ. ಸಂತೆ, ಮದುವೆ, ಭಜನೆ, ಯಾವುದನ್ನೂ ಸುಮ್ನೆ ಬಿಡಬೇಡಿ. "ನೀನು ಸರಿಯಾಗಿದ್ದರೆ ಅವನು ಆಡುತ್ತಿರಲಿಲ್ಲ" ಅಂತ ಅತ್ತೆ ಅಂದರೂ ನಂಬಬೇಡಿ. ಆ ಚಟ ನಿಮ್ಮಿಂದ ಬಂದದ್ದಲ್ಲ.

ಹೊಡೆತ ಬಡಿತ ಇದ್ದರೆ 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡಿ. ಆಡುವವರು ಸಾಯುತ್ತೇನೆ ಅಂದರೆ ಬರೀ ಬೆದರಿಕೆ ಅಂತ ತಳ್ಳಿಹಾಕದೆ, ಒಬ್ಬರನ್ನೇ ಬಿಡದೆ, ಕೂಡಲೇ ನೆರವು ಕರೆಯಿರಿ. ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರು ಚಿಕಿತ್ಸೆಗೆ ಒಪ್ಪಲಿ ಅಂತ ಕಾಯಬೇಕಿಲ್ಲ. ನಿಮ್ಮ ನಿದ್ದೆ, ನಿಮ್ಮ ಭಯ ಹೇಳಿಕೊಳ್ಳುವುದಕ್ಕೇ ಫೋನ್ ಮಾಡಿ.

ನಮಸ್ಕಾರ.