ಗ್ರೇಟ್‌ಫುಲ್ ಡೆಡ್ ತಂಡದ ಕೊನೆಯ ವರ್ಷಗಳ ಕಛೇರಿಗಳು

ಕೇಳುಗರಿಗೆ ನಮಸ್ಕಾರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ಹುಟ್ಟಿ, ಮೂವತ್ತು ವರ್ಷಗಳಲ್ಲಿ ಸುಮಾರು 2,300 ಕಛೇರಿಗಳನ್ನು ನಡೆಸಿದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಕೊನೆಯ ಏಳೆಂಟು ವರ್ಷಗಳ ಬಗ್ಗೆ ಇಂದು ಮಾತನಾಡಲಿದ್ದೇನೆ. ಈ ತಂಡದ ಅಭಿಮಾನಿಗಳಲ್ಲಿ ಅನೇಕರು 1972ರ, 1977ರ ಕಛೇರಿಗಳನ್ನು ಬಾಯಿತುಂಬ ಹೊಗಳುತ್ತಾರೆ. 1990ರ ದಶಕದ ಮಾತೆತ್ತಿದರೆ ಮುಖ ತಿರುಗಿಸುತ್ತಾರೆ. ಆ ಕಛೇರಿಗಳಲ್ಲಿ ಕುಂದುಗಳಿದ್ದವು, ಕೆಲವು ರಾತ್ರಿಗಳಂತೂ ಕೇಳಲಾರದಷ್ಟು ನೀರಸವಾಗಿದ್ದವು. ಆದರೂ ನಿಧಾನಗತಿಯ ಹಾಡುಗಳಲ್ಲಿ ಈ ತಂಡ ಆಗ ಮುಟ್ಟಿದ ಆಳ ಯೌವನದಲ್ಲಿ ಅದಕ್ಕೆ ದಕ್ಕಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಛೇರಿಯ ಕ್ರಮವನ್ನು ಹೇಳಬೇಕು. ಯಾವ ಹಾಡುಗಳನ್ನು ನುಡಿಸುತ್ತಾರೆಂದು ಮುಂಚಿತವಾಗಿ ಪ್ರಕಟಿಸುತ್ತಿರಲಿಲ್ಲ. ಒಂದು ರಾತ್ರಿಯ ಹಾಡುಗಳು ಮರುರಾತ್ರಿಗೆ ಬದಲಾಗುತ್ತಿದ್ದವು. ನಡುವೆ ಬಿಡುವು ಕೊಟ್ಟು ಆರಂಭಿಸುತ್ತಿದ್ದ ಎರಡನೆಯ ಭಾಗದಲ್ಲಿ ಹಾಡಿನಿಂದ ಹಾಡಿಗೆ ನಿಲ್ಲದೆ ಸಾಗಿ, ಮಧ್ಯದಲ್ಲಿ ಉಳಿದವರೆಲ್ಲ ವೇದಿಕೆಯಿಂದ ಇಳಿದು, ಬಿಲ್ ಕ್ರಾಯ್ಟ್ಸ್‌ಮನ್ ಮತ್ತು ಮಿಕ್ಕಿ ಹಾರ್ಟ್ ಎಂಬ ಇಬ್ಬರು ಲಯವಾದಕರಿಗೆ ರಂಗವನ್ನು ಬಿಟ್ಟುಕೊಡುತ್ತಿದ್ದರು. ತನಿ ಆವರ್ತನವನ್ನು ಕೇಳಿ ಬಲ್ಲ ನಮಗೆ ಇದು ಹೊಸದೆನಿಸದು. ಆದರೆ ತನಿ ಮುಗಿದ ಮೇಲೆ ನಮ್ಮ ಗಾಯಕರು ಬಿಟ್ಟ ಪಲ್ಲವಿಗೇ ಮರಳುತ್ತಾರೆ. ಇಲ್ಲಿ ಗಿಟಾರ್ ವಾದಕರು ಮರಳಿ ಬಂದು ತಾಳವಿಲ್ಲದ, ಮೊದಲೇ ಗೊತ್ತುಮಾಡದ ನಾದದಲ್ಲಿ ಅಲೆದಾಡಿ, ಅದರೊಳಗಿನಿಂದಲೇ ಬೇರೊಂದು ಹಾಡನ್ನು ಎತ್ತಿಕೊಳ್ಳುತ್ತಿದ್ದರು. ಹಾರ್ಟ್ ಅವರು ಉಸ್ತಾದ್ ಅಲ್ಲಾ ರಖಾ ಅವರಲ್ಲಿ ಲಯದ ಪಾಠ ಹೇಳಿಸಿಕೊಂಡವರು. 1991ರಲ್ಲಿ ಹೊರಬಂದ ಅವರ ಪ್ಲಾನೆಟ್ ಡ್ರಮ್ ಧ್ವನಿಮುದ್ರಿಕೆಯಲ್ಲಿ ಜಾಕಿರ್ ಹುಸೇನ್ ಅವರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟಂ ಎರಡೂ ಇವೆ.

ತಂಡದ ಮುಖ್ಯ ಗಿಟಾರ್ ವಾದಕ ಹಾಗೂ ಗಾಯಕ ಜೆರ್ರಿ ಗಾರ್ಸಿಯಾ 1986ರ ಜುಲೈನಲ್ಲಿ ಮಧುಮೇಹದಿಂದ ಪ್ರಜ್ಞಾಹೀನ ಸ್ಥಿತಿಗೆ ಹೋಗಿ, ಕೆಲವು ದಿನ ಸಾವಿನ ಅಂಚಿನಲ್ಲಿದ್ದು ಬದುಕುಳಿದರು. ಚೇತರಿಸಿಕೊಂಡಾಗ ಬೆರಳುಗಳಿಗೆ ಗಿಟಾರ್ ಮರೆತುಹೋಗಿತ್ತು. ಗೆಳೆಯ ಮೆರ್ಲ್ ಸೌಂಡರ್ಸ್ ಜೊತೆಯಲ್ಲಿ ಕುಳಿತು ಪರಿಚಿತ ಹಾಡುಗಳನ್ನು ಸ್ವರಸ್ವರವಾಗಿ ಮತ್ತೆ ಕಲಿಸಿದರು. ಆ ವರ್ಷದ ಡಿಸೆಂಬರ್‌ನಲ್ಲೇ ಗಾರ್ಸಿಯಾ ಈ ತಂಡದೊಂದಿಗೆ ವೇದಿಕೆಗೆ ಮರಳಿದರು. 1987ರಲ್ಲಿ ಅವರು ಹಾಡಿದ ‘ಟಚ್ ಆಫ್ ಗ್ರೇ’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದಿತು. ಇಪ್ಪತ್ತೆರಡು ವರ್ಷ ದಕ್ಕದಿದ್ದ ಆ ಯಶಸ್ಸು ತಂಡಕ್ಕೆ ಹೊರೆಯೂ ಆಯಿತು. ಟಿಕೆಟ್ ಸಿಗದ ಸಾವಿರಾರು ಜನ ಕ್ರೀಡಾಂಗಣಗಳ ಹೊರಗೆ ನೆರೆಯತೊಡಗಿದರು. ಆ ಜನಜಂಗುಳಿಯನ್ನು ತಪ್ಪಿಸುವುದಕ್ಕಾಗಿ 1989ರ ಅಕ್ಟೋಬರ್‌ನಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ ಊರಿನ ಕಛೇರಿಗಳನ್ನು, ತಂಡದ ಹೆಸರು ಹೇಳದೆ, ‘ಹಿಂದಿನ ವಾರ್‌ಲಾಕ್ಸ್’ ಎಂಬ ತಮ್ಮ ಮೊದಲ ಹೆಸರಿನ ಸುಳಿವನ್ನಷ್ಟೇ ಕೊಟ್ಟು ನಡೆಸಬೇಕಾಯಿತು. ಅಲ್ಲಿ ಎರಡನೆಯ ರಾತ್ರಿ, 1984ರಿಂದ ಮುಟ್ಟದೆ ಬಿಟ್ಟಿದ್ದ ‘ಡಾರ್ಕ್ ಸ್ಟಾರ್’ ಹಾಡಿನ ಮೊದಲ ಸ್ವರಗಳು ಕೇಳಿದಾಗ ಸಭೆಯಿಂದ ಎದ್ದ ಉದ್ಗಾರ ಧ್ವನಿಮುದ್ರಣದಲ್ಲಿ ಸಂಗೀತವನ್ನೇ ಮುಳುಗಿಸುತ್ತದೆ.

ಈ ಅವಧಿಯ ಶಿಖರ 1990ರ ವಸಂತ. ಮಾರ್ಚ್ 29ರಂದು ನ್ಯೂಯಾರ್ಕ್ ಬಳಿಯ ನಸಾವ್ ಕೊಲಿಸಿಯಂನಲ್ಲಿ ಜಾಝ್ ಸ್ಯಾಕ್ಸೊಫೋನ್ ವಾದಕ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಅತಿಥಿಯಾಗಿ ಬಂದರು. ಮೊದಲ ಭಾಗದಲ್ಲಿ ಒಂದು ಹಾಡಿಗೆ ನುಡಿಸಿ ಹೊರಡಬೇಕಿದ್ದವರನ್ನು ತಂಡದವರು ಬಿಡಲಿಲ್ಲ. ಎರಡನೆಯ ಭಾಗವನ್ನು ಅವರು ಪೂರ್ತಿ ನುಡಿಸಿದರು. ಅದರ ಆರಂಭದ ‘ಐಸ್ ಆಫ್ ದ ವರ್ಲ್ಡ್’ ಹಾಡನ್ನು ಗಮನವಿಟ್ಟು ಕೇಳಬೇಕು. ಗಾರ್ಸಿಯಾ ಒಂದು ನುಡಿಯನ್ನು ಮುಗಿಸುವಷ್ಟರಲ್ಲಿ ಸ್ಯಾಕ್ಸೊಫೋನ್ ಅದರ ಕೊನೆಯ ಎಳೆಯನ್ನು ಹಿಡಿದು ಬೇರೆ ದಾರಿಗೆ ಒಯ್ಯುತ್ತದೆ; ಗಾರ್ಸಿಯಾ ಸ್ಪರ್ಧೆಗೆ ಇಳಿಯದೆ ಹಿಂದೆ ಸರಿದು, ಜಾಗ ಕೊಟ್ಟು, ಮರಳಿ ಬಂದಾಗ ಆ ಹೊಸ ದಾರಿಯಲ್ಲೇ ನಡೆಯುತ್ತಾರೆ. ಎದುರಿಗಿರುವವರನ್ನು ಕೇಳಿಸಿಕೊಳ್ಳುವ ಆ ವಿನಯ ಇಪ್ಪತ್ತೈದು ವರ್ಷ ಒಟ್ಟಿಗೆ ನುಡಿಸಿದ್ದರಿಂದ ಬಂದದ್ದು.

ಅದೇ ಜುಲೈನಲ್ಲಿ ಕೀಬೋರ್ಡ್ ವಾದಕ ಬ್ರೆಂಟ್ ಮಿಡ್ಲಂಡ್ ತೀರಿಕೊಂಡರು. ಸೆಪ್ಟೆಂಬರ್‌ನಲ್ಲೇ ವಿನ್ಸ್ ವೆಲ್ನಿಕ್ ಅವರೊಂದಿಗೆ ಕಛೇರಿಗಳು ಮತ್ತೆ ಶುರುವಾದವು. ಬ್ರೂಸ್ ಹಾರ್ನ್ಸ್‌ಬಿ 1992ರವರೆಗೆ ಪಿಯಾನೊ ನುಡಿಸಿ ನೆರವಾದರು. ತಂಡ ಆಗ ಒಂದು ವರ್ಷ ಬಿಡುವು ಪಡೆಯಬೇಕಿತ್ತೆಂದು ನನಗೆ ಇಂದಿಗೂ ಅನ್ನಿಸುತ್ತದೆ. ಆದರೆ ಅದನ್ನೇ ನಂಬಿದ ನೌಕರರ ಸಂಬಳ ಕಛೇರಿಗಳ ವರಮಾನದಿಂದಲೇ ಬರುತ್ತಿತ್ತು, ಮತ್ತು ಗಾರ್ಸಿಯಾ ಹದಗೆಟ್ಟ ಆರೋಗ್ಯದಲ್ಲಿ, ಮಾದಕವಸ್ತುವಿನ ಚಟದ ನಡುವೆ, ಒಂದಾದ ಮೇಲೊಂದು ಪ್ರವಾಸಕ್ಕೆ ಹೊರಡುತ್ತಲೇ ಇದ್ದರು. ಸಾಲುಗಳು ಮರೆತುಹೋಗುತ್ತಿದ್ದವು. ವೇಗದ ಹಾಡುಗಳಲ್ಲಿ ಬೆರಳು ತಡವರಿಸುತ್ತಿತ್ತು.

ನಿಧಾನದ ಹಾಡುಗಳ ಸಂಗತಿಯೇ ಬೇರೆ. ರಾಬರ್ಟ್ ಹಂಟರ್ ಸಾಹಿತ್ಯ ಬರೆದು ಗಾರ್ಸಿಯಾ ಸ್ವರ ಕೂಡಿಸಿದ ‘ಡೇಸ್ ಬಿಟ್ವೀನ್’ 1993ರಲ್ಲಿ ಮೊದಲ ಬಾರಿ ಕೇಳಿಬಂತು. ಪಲ್ಲವಿಯಿಲ್ಲದ ಆ ಹಾಡಿನಲ್ಲಿ ಕಳೆದುಹೋದ ದಿನಗಳ ನೆನಪುಗಳು ಒಂದರ ಮೇಲೊಂದು ಬರುತ್ತವೆ. ತುಂಬುಕಂಠದ ಯುವಕನೊಬ್ಬ ಹಾಡಿದ್ದರೆ ಅದು ಬರಿಯ ಭಾವುಕತೆ ಆಗುತ್ತಿತ್ತು. ಗಾರ್ಸಿಯಾರ ಒಡೆದ, ತೆಳುವಾದ ದನಿಯಲ್ಲಿ ಪ್ರತಿ ಸಾಲಿಗೂ ಉಸಿರು ಸಾಲುವುದೋ ಇಲ್ಲವೋ ಎಂಬ ಆತಂಕ ಹಾಡಿನ ಅರ್ಥದೊಳಗೇ ಸೇರಿಹೋಗುತ್ತದೆ.

1995ರ ಬೇಸಿಗೆ ಪ್ರವಾಸ ಕಹಿಯಾಗಿತ್ತು. ಜುಲೈ 2ರಂದು ಇಂಡಿಯಾನಾದ ಡೀರ್ ಕ್ರೀಕ್ ಬಯಲು ರಂಗಮಂದಿರದಲ್ಲಿ, ಗಾರ್ಸಿಯಾಗೆ ಕೊಲೆ ಬೆದರಿಕೆ ಬಂದಿದ್ದ ಕಾರಣ ಸಭೆಯ ದೀಪಗಳನ್ನು ಆರಿಸದೆ ನುಡಿಸಿದರು. ಟಿಕೆಟ್ ಇಲ್ಲದ ಗುಂಪು ಬೇಲಿ ಮುರಿದು ಒಳನುಗ್ಗಿತು. ಮರುದಿನದ ಕಛೇರಿ ರದ್ದಾಯಿತು. ಜುಲೈ 9ರಂದು ಶಿಕಾಗೊದ ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ನಡೆದದ್ದೇ ಕೊನೆಯದು. ಅಂದು ‘ಸೋ ಮೆನಿ ರೋಡ್ಸ್’ ಹಾಡಿನ ಅಂತ್ಯದಲ್ಲಿ ಗಾರ್ಸಿಯಾ ಒಂದೇ ಸಾಲನ್ನು ಮತ್ತೆಮತ್ತೆ, ಪ್ರತಿ ಸಲ ದನಿಯನ್ನು ಇನ್ನಷ್ಟು ಮೇಲಕ್ಕೆ ಎಳೆದು ಹಾಡಿದರು. ಅದಾಗಿ ಒಂದು ತಿಂಗಳಿಗೆ, ಆಗಸ್ಟ್ 9ರಂದು, 53ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇವೆಲ್ಲವನ್ನೂ ನಾವಿಂದು ಕೇಳಲು ಸಾಧ್ಯವಾಗಿರುವುದಕ್ಕೆ ತಂಡದ ಉದಾರತೆಯೂ ಕಾರಣ. 1984ರಿಂದ ಸಭೆಯಲ್ಲಿ ಧ್ವನಿಮುದ್ರಿಸುವವರಿಗೆಂದೇ ಜಾಗ ಮೀಸಲಿಟ್ಟರು. ಹಣಕ್ಕೆ ಮಾರಕೂಡದು, ವಿನಿಮಯ ಮಾಡಿಕೊಳ್ಳಬಹುದು ಎಂಬುದೊಂದೇ ಕಟ್ಟಳೆ. ಹೊಸದಾಗಿ ಕೇಳಲು ತೊಡಗುವವರು ಆಯ್ದ ಹಾಡುಗಳ ಸಂಕಲನವನ್ನು ಹಿಡಿಯದೆ, 1990ರ ಮಾರ್ಚ್ 29ರ ಎರಡನೆಯ ಭಾಗವನ್ನು ಲಯವಾದನವನ್ನೂ ಬಿಡದೆ ಕೇಳಲಿ. ಅದಾದ ಮೇಲೆ ಶಿಕಾಗೊದ ಆ ಒಂದು ಹಾಡಿಗೆ ಬರಲಿ.