ಕೋಟೆಯಲ್ಲಿ ಕಾಲೇಜು ಸರಿ, ಖರ್ಚು ಎಷ್ಟು?

ನಮಸ್ಕಾರ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಬಗ್ಗೆ ಯಾರೇ ಮಾತಾಡಲಿ, ಮೊದಲು ತೋರಿಸೋದು ಕೋಟೆಯನ್ನ. ಬಿಷಪ್‌ಗಳು ಇದ್ದ ಕೋಟೆ ಅದು. ಈಗಲೂ ಅದರಲ್ಲಿ ಹುಡುಗ ಹುಡುಗಿಯರು ಇದ್ದಾರೆ, ಹಳೇ ದರ್ಬಾರು ಹಾಲಿನಲ್ಲೇ ಊಟ ಮಾಡುತ್ತಾರೆ. ಚೆನ್ನಾಗಿದೆ, ಒಪ್ಪಿಕೊಳ್ಳೋಣ. ಆದರೆ ನನ್ನ ಪ್ರಕಾರ ಡರ್ಹಮ್‌ನ ನಿಜವಾದ ಹೆಚ್ಚುಗಾರಿಕೆ ಕೋಟೆಯಲ್ಲಿಲ್ಲ, ಹಾಸ್ಟೆಲ್ ಬಿಲ್ಲಿನಲ್ಲಿದೆ.

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಬಿಟ್ಟರೆ ಶತಮಾನಗಳ ಕಾಲ ಬೇರೆ ವಿಶ್ವವಿದ್ಯಾಲಯ ತಲೆ ಎತ್ತಲೇ ಇಲ್ಲ. 1657ರಲ್ಲಿ, ರಾಜನಿಲ್ಲದ ಇಂಗ್ಲೆಂಡನ್ನು ಆಳುತ್ತಿದ್ದ ಕ್ರಾಮ್‌ವೆಲ್ ಡರ್ಹಮ್‌ನಲ್ಲಿ ಒಂದು ಕಾಲೇಜು ಶುರು ಮಾಡಿಸಿದ. ಅದು ಪದವಿ ಕೊಡೋಕೆ ಹೊರಟಾಗ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡೂ ಸೇರಿ ಅಡ್ಡಗಾಲು ಹಾಕಿದವು. ರಾಜ ವಾಪಸ್ ಬಂದ ಮೇಲೆ ಅದೂ ಮುಚ್ಚಿಹೋಯಿತು. ಕೊನೆಗೆ 1832ರಲ್ಲಿ ಬಿಷಪ್ ವ್ಯಾನ್ ಮಿಲ್ಡರ್ಟ್ ಮತ್ತು ಕತೀಡ್ರಲ್‌ನವರು (ಬಿಷಪ್‌ರ ದೊಡ್ಡ ಚರ್ಚಿನವರು) ವಿಶ್ವವಿದ್ಯಾಲಯಕ್ಕಾಗಿ ಪಾರ್ಲಿಮೆಂಟಿನಿಂದ ಕಾಯ್ದೆ ಮಾಡಿಸಿಕೊಂಡರು. ಬರೀ ವಿದ್ಯಾಪ್ರೇಮ ಅಂದುಕೊಳ್ಳಬೇಡಿ. ಸುಧಾರಣೆಯ ಗಾಳಿ ಜೋರಾಗಿತ್ತು, ಚರ್ಚಿನ ಆಸ್ತಿಗೆ ಸರ್ಕಾರ ಕೈ ಹಾಕೀತು ಅನ್ನೋ ಭಯವೂ ಇತ್ತು; ಅದಕ್ಕೆ ಮೊದಲೇ ಆ ದುಡ್ಡನ್ನ ಓದಿಗೆ ಹಾಕೋದು ವಾಸಿ ಅನ್ನಿಸಿತು.

ಶುರುವಿನಲ್ಲಿ ಅಲ್ಲಿ ಓದೋದು ಅಂದ್ರೆ ದುಡ್ಡಿದ್ದವರ ಕೆಲಸ. ಕೊಟ್ಟಿದ್ದು ಖಾಲಿ ರೂಮು. ಮೇಜು, ಕುರ್ಚಿ, ಮಂಚ ಎಲ್ಲಾ ನಿಮ್ಮದೇ. ಆಳು ಕಾಳಿನ ಖರ್ಚೂ ನಿಮ್ಮದೇ. 1846ರಲ್ಲಿ ಹ್ಯಾಟ್‌ಫೀಲ್ಡ್ ಹಾಲ್ ಅನ್ನೋ ಡರ್ಹಮ್‌ನ ಇನ್ನೊಂದು ಕಾಲೇಜು ಶುರುವಾದಾಗ ಅದರ ಮೊದಲ ಮುಖ್ಯಸ್ಥ ಡೇವಿಡ್ ಮೆಲ್ವಿಲ್ ಇದನ್ನೆಲ್ಲಾ ಬದಲಾಯಿಸಿದ. ಸಾಮಾನು ಸಮೇತ ರೂಮು. ಕೆಲಸದವರು ಎಲ್ಲರಿಗೂ ಸೇರಿ. ಊಟ ತಿಂಡಿ ಎಲ್ಲರೂ ಹಾಲಿನಲ್ಲಿ ಒಟ್ಟಿಗೆ. ಖರ್ಚು ಎಷ್ಟು ಅಂತ ಮೊದಲೇ ಗೊತ್ತು. ಮಗನನ್ನು ಓದಿಸೋಕೆ ಲೆಕ್ಕ ಹಾಕುವ ಅಪ್ಪನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನು ಬೇಕು ಹೇಳಿ?

ಇವತ್ತು ಡರ್ಹಮ್‌ನಲ್ಲಿ 17 ಕಾಲೇಜುಗಳಿವೆ. ಒಂದು ವಿಷಯ ಗಮನಿಸಿ: ಆ ಕಾಲೇಜುಗಳಲ್ಲಿ ಪಾಠ ನಡೆಯೋದಿಲ್ಲ. ಪಾಠ, ಲ್ಯಾಬು, ಸಂಶೋಧನೆ ಎಲ್ಲಾ ವಿಶ್ವವಿದ್ಯಾಲಯದ ವಿಭಾಗಗಳ ಜವಾಬ್ದಾರಿ. ಆಕ್ಸ್‌ಫರ್ಡ್‌ನಲ್ಲಾದರೆ ಟ್ಯುಟೋರಿಯಲ್ಲು, ಅಂದ್ರೆ ಒಬ್ಬಿಬ್ಬರನ್ನ ಕೂರಿಸಿಕೊಂಡು ಮಾಡುವ ಪಾಠ, ಕಾಲೇಜಿನ ಕಡೆಯಿಂದಲೇ ಆಗುತ್ತದೆ. ಡರ್ಹಮ್‌ನ ಕಾಲೇಜು ಇರೋದು ವಾಸಕ್ಕೆ, ಊಟಕ್ಕೆ, ಆಟಕ್ಕೆ, ಕಷ್ಟ ಬಂದಾಗ ಹೋಗಿ ಹೇಳಿಕೊಳ್ಳೋಕೆ. ಕಾಲೇಜು ಇರೋದೇ ಇದಕ್ಕೆ ಅಂದ ಮೇಲೆ ಅಲ್ಲಿ ಇರೋದು ಕೈಗೆಟುಕಬೇಕು ತಾನೇ? ಈಗ ರೂಮು, ಊಟಕ್ಕೆ ವರ್ಷಕ್ಕೆ ಸಾವಿರಾರು ಪೌಂಡ್. ಮೆಲ್ವಿಲ್ ಬಿಡಿಸಿದ ಗಂಟನ್ನ ಮತ್ತೆ ಹಾಕಿದಂತಾಯಿತು ಅಲ್ವಾ? ಕಟ್ಟಡ ಹಳೇದು, ರಿಪೇರಿ ಜಾಸ್ತಿ ಅನ್ನಬಹುದು. ಆದರೆ ಎಲ್ಲಾ ಕಾಲೇಜೂ ಕೋಟೆಯಲ್ಲಿಲ್ಲ.

ಹಾಗಾಗಿ ನಮ್ಮ ಕಡೆಯಿಂದ ಅಲ್ಲಿಗೆ ಅರ್ಜಿ ಹಾಕುವವರಿಗೆ ಒಂದು ಮಾತು. ಯಾವ ಕಾಲೇಜು ಸಿಕ್ಕಿದರೂ ನಿಮ್ಮ ಕ್ಲಾಸು ಅದೇ, ಡಿಗ್ರಿಯೂ ಅದೇ. ಕೋಟೆಯ ಫೋಟೊ ನೋಡಿ ಮರುಳಾಗಬೇಡಿ. ಊಟ ಸೇರಿದೆಯಾ, ನೀವೇ ಅಡುಗೆ ಮಾಡಿಕೊಳ್ಳಬೇಕಾ, ಅದನ್ನ ಮೊದಲು ನೋಡಿ.