ಶಿರಾಡಿ ಘಾಟಿ: ಕಾಂಕ್ರೀಟು ಉಳಿಯಬೇಕಾದರೆ ಧರೆ ನಿಲ್ಲಬೇಕು

ಎಲ್ಲರಿಗೂ ನಮಸ್ಕಾರ.

ಮಂಗಳೂರು, ಬಂಟ್ವಾಳ, ಉಪ್ಪಿನಂಗಡಿಯಿಂದ ಹೊರಟ ಲಾರಿ ಹಾಸನದ ಚತುಷ್ಪಥ ಹಿಡಿಯುವುದು ಶಿರಾಡಿ ಘಾಟಿ ಹತ್ತಿ. ಬಂದರಿನ ಸರಕು, ಗ್ಯಾಸ್ ಟ್ಯಾಂಕರುಗಳಿಗೆ ರಾಷ್ಟ್ರೀಯ ಹೆದ್ದಾರಿ 75ರ ಈ ತುಂಡೇ ಆಧಾರ. ಆಗುಂಬೆ, ಚಾರ್ಮಾಡಿಯ ತಿರುವುಗಳು ಉದ್ದದ ಟ್ಯಾಂಕರುಗಳಿಗೆ ಒಗ್ಗುವುದಿಲ್ಲ. ಉಳಿಯುವುದು ಸಂಪಾಜೆ. 2018ರ ಆಗಸ್ಟಿನಲ್ಲಿ ಅದೂ ಕುಸಿದಿತ್ತು.

ಇಲ್ಲಿ ಡಾಂಬರು ಯಾಕೆ ಬಾಳಲಿಲ್ಲ? ಜಲ್ಲಿಗೂ ಡಾಂಬರಿಗೂ ನಡುವೆ ನೀರು ನುಗ್ಗಿ ಅಂಟು ಬಿಡಿಸುತ್ತದೆ. ಏರಿನಲ್ಲಿ ತೆವಳುವ ಭಾರದ ಗಾಲಿ ಒಂದೇ ಜಾಗವನ್ನು ಹೆಚ್ಚು ಹೊತ್ತು ಒತ್ತಿ, ಸಡಿಲವಾದ ಜಲ್ಲಿಯನ್ನು ಕೀಳುತ್ತದೆ. ಅದಕ್ಕೇ 2015ರಲ್ಲಿ ಹೆಗ್ಗದ್ದೆಯಿಂದ ಕೆಂಪುಹೊಳೆವರೆಗೆ ಸುಮಾರು 13 ಕಿ.ಮೀ., 2018ರಲ್ಲಿ ಅಲ್ಲಿಂದ ಅಡ್ಡಹೊಳೆವರೆಗೆ ಸುಮಾರು 12 ಕಿ.ಮೀ. ಕಾಂಕ್ರೀಟು ಹಾಕಿದರು. ಎರಡೂ ಸಲ ರಸ್ತೆಯನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು.

ಅಷ್ಟು ದಿನ ಯಾಕೆ ಎಂದು ಜನ ಸಿಟ್ಟಾಗಿದ್ದರು. ಇಂಥ ಹೆದ್ದಾರಿಯಲ್ಲಿ ಸಾಮಾನ್ಯವಾಗಿ 15 ಸೆಂ.ಮೀ. ಒಣ (ಸಿಮೆಂಟು, ನೀರು ಕಡಿಮೆಯಿರುವ) ಕಾಂಕ್ರೀಟಿನ ತಳ, ಅದರ ಮೇಲೆ 28ರಿಂದ 30 ಸೆಂ.ಮೀ. ದಪ್ಪದ, ಎಂ-40 ಎಂಬ ಬಲದ ದರ್ಜೆಯ ಕಾಂಕ್ರೀಟು ಬರುತ್ತದೆ. ಸುಮಾರು ನಾಲ್ಕೂವರೆ ಮೀಟರಿಗೊಂದು ಜಾಯಿಂಟು. ಹಾಕಿದ ಮಾರನೆಯ ದಿನದೊಳಗೆ ದಪ್ಪದ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಆಳಕ್ಕೆ ಅದನ್ನು ಕೊಯ್ಯಬೇಕು. ತಡವಾದರೆ ಕಾಂಕ್ರೀಟು ತನಗೆ ಬೇಕಾದಲ್ಲಿ ಸೀಳುತ್ತದೆ. ಜಾಯಿಂಟಿನ ಅಡಿಯಲ್ಲಿ ಎರಡು ಚಪ್ಪಡಿಗಳ ನಡುವೆ ಭಾರ ದಾಟಿಸುವ ಡೋವೆಲ್ ಎಂಬ ಉಕ್ಕಿನ ಸರಳುಗಳು ರಸ್ತೆಯ ಉದ್ದಕ್ಕೆ ನೇರವಾಗಿರಬೇಕು. ಓರೆಯಾದರೆ ಚಪ್ಪಡಿ ಹಿಗ್ಗಿ ಕುಗ್ಗಲಾರದೆ ಅಂಚು ಒಡೆಯುತ್ತದೆ. ಕನಿಷ್ಠ 14 ದಿನ ಒದ್ದೆ ಗೋಣಿ ಹೊದಿಸಿ ನೀರುಣಿಸಬೇಕು. 28 ದಿನದ ಬಲ ಬಂದಮೇಲೆ ಭಾರದ ವಾಹನ. ಈ ದಿನಗಳನ್ನು ಕದ್ದರೆ ರಸ್ತೆಯ ಆಯುಷ್ಯವನ್ನೇ ಕದ್ದಂತೆ.

ಇನ್ನು ಧರೆಯ, ಅಂದರೆ ರಸ್ತೆ ಬದಿಯಲ್ಲಿ ಕಡಿದ ಗುಡ್ಡದ ಮೈಯ ವಿಷಯ. ನನ್ನ ಆತಂಕವೆಲ್ಲ ಇಲ್ಲೇ ಇದೆ. ಚತುಷ್ಪಥಕ್ಕಾಗಿ ಸಕಲೇಶಪುರದಿಂದ ಮಾರನಹಳ್ಳಿ ಕಡೆಗೆ ಗುಡ್ಡವನ್ನು ಹಲವೆಡೆ ಬಹುತೇಕ ನೆಟ್ಟಗೆ ಕಡಿದರು. 2022ರಲ್ಲಿ ದೋಣಿಗಲ್ ಬಳಿ, 2024ರ ಜುಲೈಯಲ್ಲಿ ದೊಡ್ಡತಪ್ಪಲು ಬಳಿ ಕುಸಿಯಿತು. ಬೇಸಿಗೆಯಲ್ಲಿ ಕಡಿದ ಮಣ್ಣು ಗೋಡೆಯಂತೆ ನಿಲ್ಲುತ್ತದೆ, ಅದೇ ಮೋಸ. ಮಳೆ ಇಳಿದಾಗ ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿ ಹಿಡಿತ ತಪ್ಪುತ್ತದೆ, ತೂಕವೂ ಹೆಚ್ಚುತ್ತದೆ.

ಇಳಿಜಾರನ್ನು ಮಣ್ಣು ತಾಳುವಷ್ಟು ಓರೆ ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಅದಕ್ಕೆ ಹೆಚ್ಚು ಜಾಗ ಬೇಕು, ಆದ್ದರಿಂದ ಭೂಸ್ವಾಧೀನದ ಹಂತದಲ್ಲೇ ಲೆಕ್ಕ ಹಾಕಿಡಬೇಕು. ಕಡಿತದ ನೆತ್ತಿಯ ಆಚೆ ಒಂದು ಚರಂಡಿ ತೋಡಿ, ಮೇಲಿನಿಂದ ಬರುವ ನೀರನ್ನು ಅಲ್ಲೇ ಹಿಡಿದು ಮೋರಿಗೆ ತಿರುಗಿಸಬೇಕು. ಆ ಚರಂಡಿಗೆ ಕಾಂಕ್ರೀಟಿನ ಒಳಮೈ ಇರಲೇಬೇಕು. ಬರೀ ಮಣ್ಣಿನದಾದರೆ ಅದೇ ಗುಡ್ಡದೊಳಕ್ಕೆ ನೀರು ಕುಡಿಸುತ್ತದೆ. ತಡೆಗೋಡೆಯ ಹಿಂದೆ ಜಲ್ಲಿಯ ಪದರವಿಲ್ಲದೆ ನೀರು ಹೊರಹೋಗುವ ಕಿಂಡಿಗಳನ್ನಷ್ಟೇ ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಹೂಳು ಕಟ್ಟಿಕೊಳ್ಳುತ್ತವೆ. ಆಮೇಲೆ ಗೋಡೆ ಮಣ್ಣಿನ ಜೊತೆ ನೀರನ್ನೂ ಹೊರಬೇಕು.

ರಸ್ತೆ ನೋಡಿಕೊಳ್ಳುವವರಿಗೆ ಒಂದು ಮಾತು: ಮೇ ತಿಂಗಳಲ್ಲೇ ಮೋರಿ, ಚರಂಡಿ, ಕಿಂಡಿಗಳ ಹೂಳು ತೆಗೆಸಿ. ಜೋರು ಮಳೆಯಲ್ಲೂ ಕಿಂಡಿ ಒಣಗಿದ್ದರೆ ಅದು ಕಟ್ಟಿದೆಯೇ ಎಂದು ನೋಡಿ. ತಿಳಿನೀರು ಬರುತ್ತಿದ್ದ ಕಿಂಡಿಯಲ್ಲಿ ಕೆಂಪು ನೀರು ಬಂದರೆ, ನೆತ್ತಿಯಲ್ಲಿ ಬಿರುಕು ಅಗಲವಾದರೆ, ವಿದ್ಯುತ್ ಕಂಬ ವಾಲಿದರೆ, ಜಿಲ್ಲಾಡಳಿತಕ್ಕೆ ತಿಳಿಸಿ ಆ ಗಳಿಗೆಯಲ್ಲೇ ಗುಡ್ಡದ ಬದಿಯ ಸಂಚಾರ ನಿಲ್ಲಿಸಿ.